ಸ್ನಾನದ ನೀರಿಗೆ ಉಷ್ಣಪಂಪು: ದಾವಣಗೆರೆ–ಹರಿಹರಗಳ ಗೃಹವೆಚ್ಚದ ದೃಷ್ಟಿಯಿಂದ ಒಂದು ವಿವೇಚನೆ

ನೀರು ಕಾಯಿಸುವ ವೆಚ್ಚವು ಮನೆಯ ಲೆಕ್ಕದ ಪುಸ್ತಕದಲ್ಲಿ ಪ್ರತ್ಯೇಕವಾಗಿ ಕಾಣಿಸಿಕೊಳ್ಳುವುದು ಅಪೂರ್ವ. ಹಂಡೆಯ ಒಲೆಗೆ ಸೌದೆ ಕೊಳ್ಳುತ್ತಿದ್ದ ಕಾಲದಲ್ಲಿ ಅದು ಕಣ್ಣಿಗೆ ಬೀಳುತ್ತಿತ್ತು. ವಿದ್ಯುತ್ ಗೀಸರು ಬಂದ ಮೇಲೆ ದೀಪ, ಬೀಸಣಿಗೆಗಳ ವೆಚ್ಚದೊಡನೆ ಒಂದೇ ಬಿಲ್ಲಿನೊಳಗೆ ಅಡಗಿಹೋಯಿತು. ಉಷ್ಣಪಂಪಿನ ಜಲತಾಪಕವು ಗೀಸರಿಗೆ ಬೇಕಾದ ವಿದ್ಯುತ್ತಿನ ಮೂರನೆಯ ಒಂದು ಪಾಲಿನಲ್ಲಿ ಅಷ್ಟೇ ನೀರನ್ನು ಕಾಯಿಸುತ್ತದೆಂದು ಮಾರಾಟಗಾರರು ಹೇಳುವುದುಂಟು. ಈ ಮಾತು ದಿಟವೇ? ದಿಟವಾದರೆ ದಾವಣಗೆರೆ, ಹರಿಹರಗಳ ಸಾಮಾನ್ಯ ಸಂಸಾರಕ್ಕೆ ಅದರಿಂದ ಹಣ ಉಳಿಯುವುದೇ? ಇವು ಎರಡು ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ತೋರಿಸುವುದೇ ನಮ್ಮ ಉದ್ದೇಶ.

ಗೀಸರಿನಲ್ಲಿ ವಿದ್ಯುತ್ತು ತಾನೇ ಶಾಖವಾಗಿ ಮಾರ್ಪಡುತ್ತದೆ. ಒಂದು ಯೂನಿಟ್ಟಿಗೆ 860 ಕಿಲೋಕ್ಯಾಲೊರಿ. ಅದಕ್ಕಿಂತ ಹೆಚ್ಚು ದೊರೆಯಲಾರದು. ಉಷ್ಣಪಂಪಾದರೋ ಶಾಖವನ್ನು ಉತ್ಪಾದಿಸುವುದಿಲ್ಲ, ಹೊತ್ತು ತರುತ್ತದೆ. ಮನೆಯ ಫ್ರಿಜ್ಜಿನ ಹಿಂಬದಿ ಬೆಚ್ಚಗಿರುವುದನ್ನು ವಾಚಕರು ಗಮನಿಸಿರಬಹುದು. ಒಳಗಿನ ಪದಾರ್ಥಗಳಿಂದ ಹೀರಿದ ಶಾಖವೇ ಅಲ್ಲಿ ಹೊರಬೀಳುತ್ತಿರುವುದು. ಉಷ್ಣಪಂಪಿನಲ್ಲಿ ಒಳಗಿನ ಪದಾರ್ಥದ ಸ್ಥಾನದಲ್ಲಿ ಹೊರಗಣ ಗಾಳಿಯಿದೆ, ಹಿಂಬದಿಯ ಸ್ಥಾನದಲ್ಲಿ ನೀರಿನ ತೊಟ್ಟಿಯಿದೆ. ಸುಲಭವಾಗಿ ಆವಿಯಾಗುವ ದ್ರವವೊಂದು ಗಾಳಿಯ ಶಾಖವನ್ನು ಹೀರಿ ಅನಿಲವಾಗುತ್ತದೆ. ಸಂಪೀಡಕವು ಅದನ್ನು ಒತ್ತಿದಾಗ ಅದರ ಉಷ್ಣತೆ ಏರುತ್ತದೆ. ತೊಟ್ಟಿಯ ನೀರಿಗೆ ಶಾಖವನ್ನೊಪ್ಪಿಸಿ ಮತ್ತೆ ದ್ರವವಾಗುತ್ತದೆ. ಹೀಗೆ ಶಾಖವನ್ನು ಮೇಲೆತ್ತಬಹುದೆಂಬ ವಿಚಾರವನ್ನು ವಿಲಿಯಂ ಥಾಮ್ಸನ್, ಅರ್ಥಾತ್ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಜ್ಞಾನಿ, 1852ರಲ್ಲಿಯೇ ಮಂಡಿಸಿದ್ದನು. 25 ಡಿಗ್ರಿಯ ಗಾಳಿಯಿಂದ 50 ಡಿಗ್ರಿಯ ನೀರಿಗೆ ಶಾಖವನ್ನು ಎತ್ತುವಾಗ ಸಿದ್ಧಾಂತದ ಪ್ರಕಾರ ಒಂದು ಯೂನಿಟ್ಟಿಗೆ ಸುಮಾರು 13 ಯೂನಿಟ್ಟುಗಳಷ್ಟು ಶಾಖ ಬರಬೇಕು. ಘರ್ಷಣೆ ಮೊದಲಾದ ನಷ್ಟಗಳ ದೆಸೆಯಿಂದ ನಿಜವಾದ ಯಂತ್ರಗಳಲ್ಲಿ ಮೂರರ ಆಸುಪಾಸು ಬರುತ್ತದೆ. ಮಾರಾಟಗಾರರ ಮಾತು, ಹಾಗಾದರೆ, ದಿಟವೇ.

ನಮ್ಮ ಸೀಮೆಯ ಹವೆಯೂ ಇದಕ್ಕೆ ಅನುಕೂಲ. ಶೀತದೇಶಗಳಲ್ಲಿ ಗಾಳಿಯಿಂದ ಶಾಖ ಹೀರುವ ಕೊಳವೆಗಳ ಮೇಲೆ ಹಿಮ ಕಟ್ಟಿ ತೊಂದರೆಯಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದ ಈ ಬಯಲಿನಲ್ಲಿ ಮಾಗಿಯ ಬೆಳಗಿನ ಜಾವದಲ್ಲೂ ಅಂಥ ಭಯವಿಲ್ಲ. ಆದರೂ ಯಂತ್ರವನ್ನು ನಸುಕಿನಲ್ಲಿ ನಡೆಸುವುದಕ್ಕಿಂತ ಮಧ್ಯಾಹ್ನದ ಬಿಸಿಗಾಳಿಯಲ್ಲಿ ನಡೆಸಿ ನೀರನ್ನು ಶೇಖರಿಸಿಡುವುದು ಮೇಲು.

ಇನ್ನು ಹಣದ ಮಾತು. ನಾಲ್ವರ ಸಂಸಾರದಲ್ಲಿ ತಲೆಗೆ 20 ಲೀಟರಿನ ಒಂದು ಬಕೆಟ್ಟು ಎನ್ನೋಣ. 80 ಲೀಟರನ್ನು 25ರಿಂದ 42 ಡಿಗ್ರಿಗೆ ಏರಿಸಲು 1,360 ಕಿಲೋಕ್ಯಾಲೊರಿ ಬೇಕು. ತೊಟ್ಟಿಯ ನಷ್ಟವನ್ನೂ ಸೇರಿಸಿದರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಉಷ್ಣಪಂಪಿಗೆ 20 ಸಾಕು. ಉಳಿದದ್ದು 40 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ ಹಿಡಿದರೆ 240 ರೂಪಾಯಿ. ಗೀಸರಿಗಿಂತ 80,000 ರೂಪಾಯಿ ಹೆಚ್ಚು ತೆತ್ತು ಯಂತ್ರವನ್ನು ಕೊಂಡರೆಂದು ಭಾವಿಸಿದರೆ ಆ ಹಣ ಮರಳಲು 27 ವರ್ಷಗಳಿಗೂ ಮೇಲ್ಪಟ್ಟ ಕಾಲ ಬೇಕು. ಯಂತ್ರವೇ ಅಷ್ಟು ಕಾಲ ಬಾಳುವುದು ಕಷ್ಟ. ಹನ್ನೆರಡು ಮಂದಿಯ ಅವಿಭಕ್ತ ಕುಟುಂಬದಲ್ಲಿ ದಿನಕ್ಕೆ 5 ಯೂನಿಟ್ಟಿನ ಬಿಸಿನೀರು ಖರ್ಚಾಗುವುದರಿಂದ ಇದೇ ಅವಧಿ 11 ವರ್ಷಗಳಿಗೆ ಇಳಿಯುತ್ತದೆ. ಎಡೆಬಿಡದೆ ಬಿಸಿನೀರು ಬೇಕಾದ ವಿದ್ಯಾರ್ಥಿನಿಲಯ, ವಸತಿಗೃಹಗಳಿಗೆ ಇದು ಇನ್ನೂ ಯುಕ್ತವಾದ ಸಾಧನ.

ಗೃಹಜ್ಯೋತಿ ಯೋಜನೆಯು ಈ ಲೆಕ್ಕವನ್ನು ಬೇರೊಂದು ಬಗೆಯಲ್ಲಿ ತಿರುಗಿಸುತ್ತದೆ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಂತೆ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ, ಸ್ವಲ್ಪ ಹೆಚ್ಚುವರಿಯೊಡನೆ, ಉಚಿತ ಪ್ರಮಾಣವನ್ನು ಗೊತ್ತುಪಡಿಸಲಾಗಿದೆ. ಅದನ್ನು ಮೀರಿದಷ್ಟಕ್ಕೆ ಮಾತ್ರ ಹಣ ತೆರಬೇಕು. ಬಳಕೆ 200 ಯೂನಿಟ್ಟನ್ನು ದಾಟಿತೆಂದರೆ ಸಮಗ್ರ ಬಿಲ್ಲನ್ನೂ ತೆರಬೇಕು. ಉಚಿತ ಪ್ರಮಾಣ 165 ಇದ್ದು, ಗೀಸರೂ ಸೇರಿ 160 ಯೂನಿಟ್ ಬಳಸುವ ಮನೆಯವರು ಉಷ್ಣಪಂಪಿನಿಂದ 40 ಯೂನಿಟ್ ಉಳಿಸಿದರೂ ಅವರ ಕೈಗೆ ಬರುವುದು ಸೊನ್ನೆ. ಉಚಿತ ಪ್ರಮಾಣ 180 ಇದ್ದು, 210 ಯೂನಿಟ್ ಬಳಸುವ ನೆರೆಮನೆಯವರು ಅದೇ 40 ಯೂನಿಟ್ ಉಳಿಸಿದರೆ 1,200 ರೂಪಾಯಿಗೂ ಮೇಲ್ಪಟ್ಟ ಬಿಲ್ಲಿನಿಂದ ಪಾರಾಗುತ್ತಾರೆ. ಯಂತ್ರ ಒಂದೇ, ನೀರೂ ಒಂದೇ. ಆದುದರಿಂದ ಅಂಗಡಿಗೆ ಹೋಗುವ ಮುನ್ನ ಹಿಂದಿನ ಹನ್ನೆರಡು ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಎಷ್ಟು ತಿಂಗಳು 200 ದಾಟಿದೆ ಎಂಬುದನ್ನು ನೋಡುವುದು ಅವಶ್ಯ.

ಸ್ವಂತ ತಾರಸಿಯುಳ್ಳವರಿಗೆ ಸೌರ ಜಲತಾಪಕವೇ ಮೊದಲ ಆಯ್ಕೆಯೆಂದು ನಮ್ಮ ಅಭಿಪ್ರಾಯ. ವರ್ಷದ ಬಹುಭಾಗ ಬಿಸಿಲಿಗೆ ಇಲ್ಲಿ ಬರವಿಲ್ಲ. ಅದಕ್ಕೆ ಬೆಲೆಯೂ ಕಡಮೆ. ತಾರಸಿಯ ಹಕ್ಕಿಲ್ಲದ ಬಹುಮಹಡಿಯ ಮನೆಗಳವರಿಗೆ ಉಷ್ಣಪಂಪು ಉಪಯುಕ್ತವಾದೀತು.

ಅಳವಡಿಸುವಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಗಾಳಿಯಾಡದ ಕೋಣೆಯಲ್ಲಿ ಇಟ್ಟರೆ ಯಂತ್ರವು ಆ ಕೋಣೆಯನ್ನೇ ತಣಿಸಿ ತನ್ನ ಕೆಲಸವನ್ನು ತಾನೇ ಕೆಡಿಸಿಕೊಳ್ಳುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ನೆರೆಯಲ್ಲಿ ಮಸಿಯೂ ಹೊಟ್ಟಿನ ಧೂಳೂ ಅದರ ತೆಳುವಾದ ಲೋಹದ ಹಾಳೆಗಳಿಗೆ ಅಂಟಿ ಗಾಳಿಯ ಹಾದಿಯನ್ನು ಮುಚ್ಚಬಹುದು. ಅಲ್ಲಿ ಆಗಾಗ್ಗೆ ಶುಚಿಗೊಳಿಸಬೇಕು. ತುಂಗಭದ್ರೆಯ ನೀರು ದೊರೆಯುವ ಮನೆಗಿಂತ ಗಡಸಾದ ಕೊಳವೆಬಾವಿಯ ನೀರನ್ನು ಬಳಸುವ ಮನೆಯಲ್ಲಿ ತೊಟ್ಟಿಯೊಳಗೆ ಸುಣ್ಣದ ಪದರ ಬೇಗ ಕಟ್ಟುತ್ತದೆ. ಆ ಪದರ ದಪ್ಪವಾದಂತೆ ಮೂರರ ಲೆಕ್ಕವೂ ಕ್ರಮೇಣ ಇಳಿಯುತ್ತದೆ.