ಮರಿಯ ಮೇವಿನಲ್ಲಿ ಒಗರಿನ ಪಾಲು

ಕುರಿಮರಿ ಬೇಗ ಮೈದುಂಬಲಿ ಎಂದು ಮೇವಿಗೆ ಬೆರೆಸುವ ಗಿಡಮೂಲಿಕೆ ಪುಡಿಗಳಿಗೆ ಇಂದು ದೊಡ್ಡ ಮಾರುಕಟ್ಟೆಯಿದೆ. ಬೆಳವಣಿಗೆಗಾಗಿ ಪಶುಆಹಾರದಲ್ಲಿ ಆ್ಯಂಟಿಬಯಾಟಿಕ್ ಬಳಸುವುದನ್ನು ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿಯಾಗಿ ನಿಷೇಧಿಸಿತು. ಸಸ್ಯಮೂಲದ ಪರ್ಯಾಯಗಳ ಹುಡುಕಾಟ ಬಿರುಸಾಗಲು ಅದೊಂದು ಮುಖ್ಯ ಕಾರಣ. 2019ರ ಜಾನುವಾರು ಗಣತಿಯಂತೆ ಸುಮಾರು 1.11 ಕೋಟಿ ಕುರಿಗಳಿರುವ ಕರ್ನಾಟಕಕ್ಕೆ ಈ ಹುಡುಕಾಟ ದೂರದ ಸಂಗತಿಯಲ್ಲ. ಆದರೆ ‘ಗಿಡಮೂಲಿಕೆ ಫಲ ಕೊಡುತ್ತದೆಯೇ?’ ಎಂದು ಒಟ್ಟಾರೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಸೊಪ್ಪು, ಅದರಲ್ಲಿರುವ ಯಾವ ರಾಸಾಯನಿಕ, ದಿನಕ್ಕೆ ಎಷ್ಟು, ಯಾವ ತೊಂದರೆಗೆ ಎಂದು ಬಿಡಿಸಿ ಕೇಳಬೇಕು. ಹಾಗೆ ಕೇಳಿದಾಗ ಹೆಚ್ಚು ಗಟ್ಟಿಯಾಗಿ ನಿಲ್ಲುವುದು ಕರಿಜಾಲಿ, ಬನ್ನಿಯಂಥ ಮರಗಳ ಎಲೆ-ಕಾಯಿಗಳಿಗೆ ಒಗರು ಕೊಡುವ ಟ್ಯಾನಿನ್ ಎಂಬುದು ನನ್ನ ವಾದ.

ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಮೊದಲ ದೊಡ್ಡ ಕೋಣೆಯಾದ ರೂಮೆನ್‌ನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಒಣಹುಲ್ಲಿನ ನಾರನ್ನು ಕುರಿಗೆ ದಕ್ಕಿಸುವುದು ಅವೇ. ಆದರೆ ಮರಿಗೆ ಹಾಕಿದ ಶೇಂಗಾ ಹಿಂಡಿಯ ಪ್ರೋಟೀನನ್ನೂ ಅವು ಒಡೆದು ಬಹುಪಾಲು ಅಮೋನಿಯಾ ಮಾಡಿಬಿಡುತ್ತವೆ. ಅದರಲ್ಲಿ ಸೂಕ್ಷ್ಮಜೀವಿಗಳು ಬಳಸದೆ ಉಳಿದದ್ದು ಕೊನೆಗೆ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ರೂಮೆನ್‌ನಲ್ಲಿ ಆಮ್ಲೀಯತೆ ಕಡಿಮೆ, ಪಿಎಚ್ 6ರಿಂದ 7ರ ಆಸುಪಾಸು. ಅಲ್ಲಿ ಟ್ಯಾನಿನ್ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡು ಅದು ಒಡೆಯದಂತೆ ತಡೆಯುತ್ತದೆ. ಪಿಎಚ್ 3ಕ್ಕೆ ಇಳಿಯುವ ನಾಲ್ಕನೆಯ ಕೋಣೆಯಲ್ಲಿ ಆ ಹಿಡಿತ ಸಡಿಲವಾಗಿ, ಪ್ರೋಟೀನು ಸಣ್ಣ ಕರುಳಿಗೆ ಇಳಿದು ಮರಿಯ ಮಾಂಸಖಂಡಕ್ಕೂ ಉಣ್ಣೆಗೂ ಒದಗುತ್ತದೆ. ನ್ಯೂಜಿಲೆಂಡಿನಲ್ಲಿ ಟ್ಯಾನಿನ್ ಇರುವ ಲೋಟಸ್ ಜಾತಿಯ ಮೇವು ತಿನ್ನಿಸಿ ನಡೆಸಿದ ಪ್ರಯೋಗಗಳು ಈ ದಾರಿಯನ್ನು ಚೆನ್ನಾಗಿ ತೋರಿಸಿಕೊಟ್ಟಿವೆ. ಒಣಮೇವಿನ ತೂಕದಲ್ಲಿ ಟ್ಯಾನಿನ್ ಶೇಕಡಾ 2ರಿಂದ 4ರಷ್ಟಿದ್ದಾಗ ಲಾಭ ಕಾಣುತ್ತದೆ. ಶೇಕಡಾ 5 ದಾಟಿತೆಂದರೆ ಸಾಮಾನ್ಯವಾಗಿ ಮರಿ ಮೇವು ಕಡಿಮೆ ತಿನ್ನುತ್ತದೆ, ತಿಂದದ್ದೂ ಸರಿಯಾಗಿ ಜೀರ್ಣವಾಗುವುದಿಲ್ಲ. ಲಾಭಕ್ಕೂ ನಷ್ಟಕ್ಕೂ ನಡುವಿನ ಅಂತರ ಇಷ್ಟು ಕಿರಿದು.

ಇನ್ನೊಂದು ಲಾಭ ಜಂತುಹುಳುವಿಗೆ ಸಂಬಂಧಿಸಿದ್ದು. ನಮ್ಮ ಮಳೆಗಾಲದಲ್ಲಿ ಮರಿಗಳನ್ನು ಕಾಡುವ ಹೀಮಾಂಕಸ್ ಎಂಬ ಹುಳು ನಾಲ್ಕನೆಯ ಕೋಣೆಯ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದೊಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆಂದು ಅಂದಾಜು. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್! ಕಣ್ಣಿನ ಒಳರೆಪ್ಪೆ ಬಿಳಿಚಿ, ಗದ್ದದ ಕೆಳಗೆ ನೀರು ತುಂಬಿ ಊದಿಕೊಂಡ ಮರಿಗೆ ಯಾವ ಟಾನಿಕ್ ಕೊಟ್ಟೂ ತೂಕ ಬಾರದು. ಆಲ್ಬೆಂಡಜೋಲ್‌ನಂಥ ಔಷಧಗಳನ್ನು ಇಡೀ ಹಿಂಡಿಗೆ ಮತ್ತೆ ಮತ್ತೆ ಕುಡಿಸಿದ ಫಲವಾಗಿ ಅವಕ್ಕೆ ಬಗ್ಗದ ಹುಳುಗಳು ಜಗತ್ತಿನಾದ್ಯಂತ ಹಬ್ಬಿವೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸೆರಿಸಿಯಾ ಲೆಸ್ಪಿಡೀಜಾ ಎಂಬ ಟ್ಯಾನಿನ್‌ಭರಿತ ಮೇವು ತಿಂದ ಆಡು-ಕುರಿಗಳ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆಗಳು ಕಡಿಮೆಯಾಗಿರುವುದನ್ನು ಹಲವು ಪ್ರಯೋಗಗಳು ದಾಖಲಿಸಿವೆ. ಹೀಗೆಂದು ಈಗಾಗಲೇ ರಕ್ತಹೀನವಾದ ಮರಿಗೆ ಸೊಪ್ಪನ್ನೇ ನಂಬಿ ಕೂರುವುದು ತಪ್ಪು. ಅದಕ್ಕೆ ಪಶುವೈದ್ಯರು ಕೊಡುವ ಔಷಧವೇ ಬೇಕು. ಹುಲ್ಲುಗಾವಲಿಗೆ ಬೀಳುವ ಮೊಟ್ಟೆಗಳನ್ನು ತಗ್ಗಿಸಿ ಆ ಔಷಧದ ಸರದಿಯನ್ನು ದೂರ ಮಾಡುವುದಷ್ಟೇ ಸೊಪ್ಪಿನ ಕೆಲಸ. ಅಷ್ಟೇ ಆದರೂ ಅದು ದೊಡ್ಡ ಕೆಲಸ.

‘ನಮ್ಮ ಹಿರಿಯರು ಯಾವ ಲೆಕ್ಕವೂ ಇಲ್ಲದೆ ಸೊಪ್ಪು ಹಾಕಲಿಲ್ಲವೇ? ಪ್ರಕೃತಿಯದ್ದರಿಂದ ಅಪಾಯವೇನು?’ ಎಂಬ ಆಕ್ಷೇಪವಿದೆ. ಸಂಚಾರಿ ಕುರಿಗಾಹಿಗಳ ಹಿಂಡು ದಿನವಿಡೀ ನಾನಾ ಗಿಡಗಳಿಗೆ ಬಾಯಿ ಹಾಕುತ್ತಾ ಸಾಗುತ್ತದೆ, ಯಾವುದೊಂದೂ ಅತಿಯಾಗುವುದಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿ ಒಂದೇ ಪುಡಿ, ಒಂದೇ ಸೊಪ್ಪು ಹಾಕುವಾಗ ಆ ರಕ್ಷಣೆ ಇಲ್ಲ. ಸುಬಾಬುಲ್ ಇದಕ್ಕೆ ಸಾಕ್ಷಿ. ಪ್ರೋಟೀನ್ ತುಂಬಿದ ಆ ಎಲೆಯಲ್ಲಿರುವ ಮಿಮೋಸಿನ್ ಹೆಚ್ಚಾದರೆ ರೋಮ ಉದುರುತ್ತದೆ, ಥೈರಾಯ್ಡ್ ಗ್ರಂಥಿ ಊದುತ್ತದೆ. ಆಸ್ಟ್ರೇಲಿಯಾದಲ್ಲಿ ದನಗಳು ಹೀಗೆ ಬಳಲುತ್ತಿದ್ದಾಗ, ಹವಾಯಿಯ ಆಡುಗಳು ಅದೇ ಎಲೆ ತಿಂದು ಚೆನ್ನಾಗಿರುವುದನ್ನು ವಿಜ್ಞಾನಿ ರೇಮಂಡ್ ಜೋನ್ಸ್ ಗಮನಿಸಿದರು. ವಿಷವನ್ನು ಒಡೆಯುವ ಬ್ಯಾಕ್ಟೀರಿಯಾ ಆ ಆಡುಗಳ ರೂಮೆನ್‌ನಲ್ಲಿತ್ತು. ಮುಂದೆ ಅದಕ್ಕೆ ಜೋನ್ಸರ ಹೆಸರನ್ನೇ ಇಡಲಾಯಿತು. ಒಂದೇ ಸೊಪ್ಪು ಒಂದು ಹಿಂಡಿಗೆ ಆಹಾರ, ಇನ್ನೊಂದಕ್ಕೆ ವಿಷ. ಓಮದ ಥೈಮಾಲ್, ಲವಂಗದ ಯೂಜಿನಾಲ್, ಬೆಳ್ಳುಳ್ಳಿಯ ಗಂಧಕಯುಕ್ತ ಅಂಶಗಳ ಕಥೆ ಬೇರೆ. ಗಾಜಿನ ನಳಿಕೆಯಲ್ಲಿ ಅವು ರೂಮೆನ್ ಸೂಕ್ಷ್ಮಜೀವಿಗಳನ್ನು ಬದಲಿಸುತ್ತವೆ, ನಿಜ. ಆದರೆ ಅಲ್ಲಿ ಬಳಸುವ ಪ್ರಮಾಣವನ್ನು ಮೇವಿನಲ್ಲಿ ಕೊಡಲು ಹೋದರೆ ಘಾಟಿಗೆ ಮರಿ ಮುಖ ತಿರುಗಿಸೀತು. ಕಡಿಮೆ ಕೊಟ್ಟರೆ ಸೂಕ್ಷ್ಮಜೀವಿಗಳು ಕೆಲವೇ ವಾರಗಳಲ್ಲಿ ಅದಕ್ಕೆ ಒಗ್ಗಿಕೊಳ್ಳಬಲ್ಲವು.

ಲೆಕ್ಕ ಹಾಕಿ ಸಸ್ಯಮೂಲದ ಪೂರಕ ತಯಾರಿಸುವುದು ಸಾಧ್ಯ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಟ್ಯಾನಿನ್ ಇರುವ ಸಸ್ಯಗಳಿಂದ ‘ಹರಿತ ಧಾರಾ’ ಎಂಬ ಪೂರಕವನ್ನು ರೂಪಿಸಿದೆ. ಅದರ ಮುಖ್ಯ ಗುರಿ ಜಾನುವಾರುಗಳು ಹೊರಬಿಡುವ ಮೀಥೇನ್ ತಗ್ಗಿಸುವುದು. ಉಳಿದ ತಯಾರಕರೂ ಪೊಟ್ಟಣದ ಮೇಲೆ ಗಿಡಗಳ ಹೆಸರಿನ ಜೊತೆ ಟ್ಯಾನಿನ್ ಶೇಕಡಾ ಎಷ್ಟು, ಯಾವ ತೂಕದ ಮರಿಗೆ ಎಷ್ಟು ಗ್ರಾಂ ಎಂಬುದನ್ನು ಮುದ್ರಿಸಬೇಕು. ಕುರಿ ಸಾಕುವವರು ಒಂದೇ ವಯಸ್ಸಿನ ಮರಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಪೂರಕ ಕೊಟ್ಟು, ಎರಡನ್ನೂ ವಾರಕ್ಕೊಮ್ಮೆ ತೂಗಿ ನೋಡಲಿ. ಮಳೆ ಬಂದು ಹಸಿರು ಮೇವು ಹೆಚ್ಚಾದಾಗ ಎಲ್ಲ ಮರಿಗಳೂ ಬೆಳೆಯುತ್ತವೆ; ಹೋಲಿಸಲು ಇನ್ನೊಂದು ಗುಂಪಿಲ್ಲದಿದ್ದರೆ ಆ ಬೆಳವಣಿಗೆಯ ಕೀರ್ತಿ ಪುಡಿಗೆ ಸಲ್ಲುತ್ತದೆ. ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ಹಣದಲ್ಲಿ ಒಳ್ಳೆಯ ಹಿಂಡಿ ಕೊಂಡುಕೊಳ್ಳಿ.