ಹಳೆ ಕ್ಯಾಮೆರಾ ಮಾರುವ ಮುನ್ನ ಕಾರ್ಡ್ ನೋಡಿ!

ಕಾಸರಗೋಡು: ಕಪಾಟು ಖಾಲಿ ಮಾಡುವಾಗ ಕೈಗೆ ಸಿಗುವ ವಸ್ತುಗಳಲ್ಲಿ ಈಗ ಹಳೆ ಡಿಜಿಟಲ್ ಕ್ಯಾಮೆರಾವೂ ಸೇರಿದೆ. ಗಲ್ಫ್‌ನಿಂದ ರಜೆಗೆ ಬಂದ ಅಣ್ಣ ತಂದದ್ದು ಒಂದು, ಮದುವೆಯ ಹೊತ್ತಿಗೆ ಮಂಗಳೂರಿನಲ್ಲಿ ಕೊಂಡದ್ದು ಇನ್ನೊಂದು, ಬೆಂಗಳೂರಿನ ಮಗ ಬಿಟ್ಟು ಹೋದದ್ದು ಮತ್ತೊಂದು. ಮೊಬೈಲ್ ಇರುವಾಗ ಇದೆಲ್ಲ ಎಂತಕ್ಕೆ, ಕೊಟ್ಟುಬಿಡುವ ಎನ್ನುವವರು ಒಂದು ಕಡೆ. ಇರ್ಲಿ, ಅಪ್ಪ ತೆಗೆದ ಫೋಟೊ ಅದರಲ್ಲಿ ಉಂಟು ಎನ್ನುವವರು ಇನ್ನೊಂದು ಕಡೆ.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಮೊದಲು ನೋಡಬೇಕಾದದ್ದು ಕ್ಯಾಮೆರಾದ ಬೆಲೆಯಲ್ಲ, ಅದರೊಳಗಿನ ಕಾರ್ಡ್.

ನಡುವಿನ ಹತ್ತು ವರ್ಷ

ಫಿಲ್ಮ್ ಕಾಲದಲ್ಲಿ ನೆಗೆಟಿವ್ ಮನೆಯಲ್ಲಿ ಉಳಿಯುತ್ತಿತ್ತು. ಈಗಿನ ಮೊಬೈಲ್ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕಡೆ ಹೋಗುತ್ತದೆ. ನಡುವಿನ ಹತ್ತು ವರ್ಷದ ಫೋಟೊಗಳಿಗೆ ಎರಡೂ ಇಲ್ಲ. ಕನ್ನಡ ಶಾಲೆಯ ವಾರ್ಷಿಕೋತ್ಸವ, ಊರಿನ ಬಯಲಾಟ, 2015ರಲ್ಲಿ ಅಗಲಿದ ಕಯ್ಯಾರ ಕಿಞ್ಞಣ್ಣ ರೈ ಅವರೊಂದಿಗೆ ನಿಂತ ಚಿತ್ರ, 2022ರಲ್ಲಿ ಸತ್ತ ಅನಂತಪುರ ಕ್ಷೇತ್ರದ ಮೊಸಳೆ ಬಬಿಯಾ... ಪ್ರಿಂಟ್ ಹಾಕಿಸದೇ ಇದ್ದರೆ ಇಂಥವು ಇರುವುದು ಆ ಕಾರ್ಡ್‌ನಲ್ಲಿ ಮಾತ್ರ!

ಆಗ ಒಂದೊಂದು ಕಂಪೆನಿಗೂ ಒಂದೊಂದು ಕಾರ್ಡ್. ಸೋನಿಯದ್ದು 1998ರ ಮೆಮೊರಿ ಸ್ಟಿಕ್, ಒಲಿಂಪಸ್ ಮತ್ತು ಫ್ಯೂಜಿಯದ್ದು 2002ರ ಎಕ್ಸ್‌ಡಿ. ಮುಂದೆ ಇವರೂ ಎಸ್‌ಡಿ ಕಾರ್ಡ್ ಕಡೆಗೆ ಹೊರಳಿದರು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಹಳೆ ಕಾರ್ಡ್ ಹಾಕಲು ಜಾಗವೇ ಇಲ್ಲ. ರೀಡರ್ ಸಿಗದಿದ್ದರೆ ಹಳೆ ಕ್ಯಾಮೆರಾ ಮತ್ತು ಅದರ ಕೇಬಲ್ಲೇ ಗತಿ. ಕಾಪಿ ಆಗುವವರೆಗೆ ಅದನ್ನು ಮಾರಬಾರದು. ಕಾರ್ಡ್ ಇಲ್ಲ ಎಂದು ಸುಮ್ಮನಿರುವಂತೆಯೂ ಇಲ್ಲ. ಕೆಲವು ಕ್ಯಾಮೆರಾಗಳ ಒಳಗಿನ ಮೆಮೊರಿಯಲ್ಲೇ ನಾಲ್ಕಾರು ಫೋಟೊ ಉಳಿದಿರುತ್ತದೆ. ಮಿನಿ ಡಿವಿ ಕ್ಯಾಸೆಟ್‌ನ ಹ್ಯಾಂಡಿಕ್ಯಾಮ್‌ಗೂ ಇದೇ ಮಾತು.

ಯಾವುದು ಇರಲಿ, ಯಾವುದು ಹೋಗಲಿ?

ಪೆನ್ಸಿಲ್ ಸೆಲ್ ಹಾಕುವ ಚಿಕ್ಕ ಕ್ಯಾಮೆರಾ ಇಟ್ಟುಕೊಳ್ಳಬಹುದು, ಸೆಲ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ತೀರಾ ಹಳೆಯದಕ್ಕೆ 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್ ಹಿಡಿಯದು. ಹೊಸ ಕಾರ್ಡ್ ಹಾಕಿ 'ಕ್ಯಾಮೆರಾ ಹಾಳಾಗಿದೆ' ಎಂದುಕೊಳ್ಳುವವರಿದ್ದಾರೆ.

2003ರ ಕ್ಯಾನನ್ 300ಡಿ, 2004ರ ನಿಕಾನ್ ಡಿ70 ಒಂದು ಕಾಲಕ್ಕೆ ದೊಡ್ಡ ಹೆಸರು. ಎರಡೂ 6 ಮೆಗಾಪಿಕ್ಸೆಲ್‌ನವು. ಬಾಡಿಗೆ ಈಗ ದೊಡ್ಡ ಬೆಲೆ ಬಾರದು, ಲೆನ್ಸ್ ಮಾತ್ರ ಅದೇ ಕಂಪೆನಿಯ ನಂತರದ ಡಿಎಸ್‌ಎಲ್‌ಆರ್‌ಗಳಿಗೂ ಆಗುತ್ತದೆ. ಮನೆಯಲ್ಲಿ ಅಂಥದ್ದಿದ್ದರೆ ಲೆನ್ಸ್ ಇಟ್ಟುಕೊಂಡು ಬಾಡಿ ಕೊಡಬಹುದು.

ಕರಾವಳಿಯಲ್ಲಿ ಇನ್ನೊಂದು ಶತ್ರು ಮಳೆಗಾಲ. ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸ್‌ಗೆ ಜೇಡರ ಬಲೆಯಂತೆ ಬೂಷ್ಟು ಹಿಡಿಯುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಹಿಡಿದಿದ್ದರೆ ಬೇರೆ ಲೆನ್ಸ್ ಜತೆ ಇಡಬಾರದು, ಮಾರುವಾಗಲೂ ಹೇಳಿಯೇ ಮಾರಬೇಕು. ಚೆನ್ನಾಗಿರುವುದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುವುದು ಒಳ್ಳೆಯದು.

ಇತ್ತೀಚಿನ ವರ್ಷಗಳಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ಹಳೆ ಸಿಸಿಡಿ ಕ್ಯಾಮೆರಾದ ಬಣ್ಣದ ಮೇಲೆ ಆಸೆ ಹುಟ್ಟಿದೆ. ಹಾಗಾಗಿ ಗುಜರಿಗೆ ಹಾಕುವ ಮುನ್ನ ಎರಡು ಕಡೆ ಕೇಳಿದರೆ ನಷ್ಟವಿಲ್ಲ.

ಕಾರ್ಡ್ ಕೊಡಬೇಡಿ

ಮಾರುವಾಗ ಕಾರ್ಡ್ ತೆಗೆದಿಟ್ಟುಕೊಳ್ಳಿ. ಡಿಲೀಟ್ ಮಾಡಿದ ಫೋಟೊವನ್ನೂ ಸಾಫ್ಟ್‌ವೇರ್‌ನಿಂದ ಮರಳಿ ತೆಗೆಯಬಹುದು. ಮನೆಯವರ ಚಿತ್ರ ಅಪರಿಚಿತರ ಕೈಗೆ ಹೋಗಬಾರದು. ಫೋಟೊಗಳನ್ನು ಎರಡು ಕಡೆ ಕಾಪಿ ಮಾಡಿ, ಒಂದನ್ನು ಪರವೂರಿನ ಮಕ್ಕಳ ಬಳಿ ಇಟ್ಟರೆ ಇನ್ನೂ ಕ್ಷೇಮ. ಊದಿಕೊಂಡ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕುವುದಾಗಲಿ ಕಸದೊಂದಿಗೆ ಸುಡುವುದಾಗಲಿ ಅಪಾಯ. ಹರಿತ ಕರ್ಮ ಸೇನೆಯವರು ಇ-ತ್ಯಾಜ್ಯಕ್ಕೆ ಬಂದಾಗ ಪ್ರತ್ಯೇಕವಾಗಿ ಕೊಡಬೇಕು.

ಕ್ಯಾಮೆರಾ ಹೋದರೆ ಹೋಗಲಿ, ಇನ್ನೊಂದು ಸಿಗುತ್ತದೆ. ಅಜ್ಜಿಯ ಕೊನೆಯ ಫೋಟೊ ಸಿಗುವುದಿಲ್ಲ. ಮಳೆ ಹಿಡಿಯುವ ಮುನ್ನ ಒಂದು ಭಾನುವಾರ ಇದಕ್ಕೆಂದು ಮೀಸಲಿಟ್ಟರೆ ಸಾಕು.