ಕೆಲಸ ಹೋದಾಗ ಬಂದ ರೊಕ್ಕಕ್ಕೂ ಟ್ಯಾಕ್ಸೇ?

1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರುವಾಸಿಯಾಗಿತ್ತು. ಹತ್ತಿ ಗಿರಣಿಗಳ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಕರೆಯುತ್ತಿದ್ದರು. ಗೇಟಿಗೆ ಬೀಗ ಬಿದ್ದದ್ದನ್ನು ಎರಡೂ ಊರು ಕಂಡಿವೆ. ಹಾಗಾಗಿ 'ಸೆಟ್ಲ್‌ಮೆಂಟ್ ರೊಕ್ಕ'ದ ಬಗ್ಗೆ ಇಲ್ಲಿ ಬಾಯಿಗೊಂದು ಮಾತು. ಹೆಚ್ಚು ಕೇಳಿಬರುವುದು ಇದು: "ಕೆಲಸ ಕಳಕೊಂಡವನ ರೊಕ್ಕಕ್ಕೆ ಯಾರು ಟ್ಯಾಕ್ಸ್ ಹಾಕ್ತಾರೆ?"

ಹಾಕುತ್ತಾರೆ, ಒಂದು ಮಿತಿ ದಾಟಿದರೆ. ಕೆಲಸದಿಂದ ತೆಗೆದ ಕಾರ್ಮಿಕನಿಗೆ ಸಿಗುವ ಪರಿಹಾರಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 10(10ಬಿ) ಕಲಂ ವಿನಾಯಿತಿ ಕೊಟ್ಟಿತ್ತು. ಕೈಗೆ ಬಂದ ಮೊತ್ತ, ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ, 5 ಲಕ್ಷ ರೂಪಾಯಿ: ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಮಾತ್ರ. ಇಪ್ಪತ್ತು ವರ್ಷ ದುಡಿದವನ 15 ದಿನದ ಕೂಲಿ 15,000 ರೂ. ಎನ್ನಿ, ಲೆಕ್ಕ 3 ಲಕ್ಷಕ್ಕೆ ಬರುತ್ತದೆ. ಕಂಪನಿ ಧಾರಾಳವಾಗಿ 7 ಲಕ್ಷ ಕೊಟ್ಟರೆ ಉಳಿದ 4 ಲಕ್ಷ ಸಂಬಳವೆಂದೇ ಲೆಕ್ಕ. ಐದು ಲಕ್ಷದವರೆಗೆ ಕಣ್ಣುಮುಚ್ಚಿ ಮಾಫಿ ಎಂದುಕೊಂಡವರು ಎಡವುವುದು ಇಲ್ಲೇ. ಕಾರ್ಮಿಕ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕನಲ್ಲದ ಮ್ಯಾನೇಜರನಿಗೆ ಈ ಕಲಂ ಅನ್ವಯಿಸುವುದೂ ಇಲ್ಲ. ಗ್ರಾಚ್ಯುಟಿಯದು ಬೇರೆಯೇ ಖಾತೆ. ಅದರ ಗರಿಷ್ಠ ವಿನಾಯಿತಿ 20 ಲಕ್ಷ. (2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿಯಾಗಿ ಕಲಂ ಸಂಖ್ಯೆಗಳು ಬದಲಾಗಿವೆ. ಹಳೆಯ ಸಂಖ್ಯೆ ಹಿಡಿದು ಹುಡುಕಬೇಡಿ.)

ಹೆರಿಗೆ ರಜೆಯದೂ ಇದೇ ಕಥೆ. ಮಾಲೀಕರು ಕೊಡುವ 26 ವಾರಗಳ ವೇತನ 'ಸಹಾಯಧನ' ಅಲ್ಲ, ಸಂಬಳ. ಟಿಡಿಎಸ್ ಪ್ರಮಾಣಪತ್ರದಲ್ಲಿ ಸಂಬಳದ ಜೊತೆಗೇ ಸೇರಿರುತ್ತದೆ. ಇಎಸ್‌ಐ ವ್ಯಾಪ್ತಿಯವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತಿಂಗಳಿಗೆ 21,000 ರೂ. ಮಿತಿಯೊಳಗಿನ ದುಡಿಮೆ ವರ್ಷಕ್ಕೆ 2.52 ಲಕ್ಷ ದಾಟದು, ಬೇರೆ ಆದಾಯವಿಲ್ಲದಿದ್ದರೆ ತೆರಿಗೆಯ ಮಾತೇ ಇಲ್ಲ. ತಿಂಗಳಿಗೆ 3,000 ರೂ. ಯುವನಿಧಿ ಪಡೆಯುವ ನಿರುದ್ಯೋಗಿ ಪದವೀಧರರಿಗೂ ಹಾಗೆಯೇ.

"ಅಂಗವಿಕಲರ ಸರ್ಟಿಫಿಕೇಟ್ ಇದ್ದರೆ ಸಂಬಳಕ್ಕೆ ತೆರಿಗೆಯೇ ಇಲ್ಲ" ಎನ್ನುವುದು ಇನ್ನೊಂದು ಮಾತು. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯಕ್ಕೆ 75,000 ರೂ., ಶೇ 80 ಮತ್ತು ಮೇಲ್ಪಟ್ಟರೆ 1.25 ಲಕ್ಷ ಆದಾಯದಿಂದ ಕಳೆಯಬಹುದು, ಅಷ್ಟೇ. ಅದೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡರೆ. ನೀವೇನೂ ಹೇಳದಿದ್ದರೆ ಇಲಾಖೆ ಹೊಸ ಪದ್ಧತಿಗೇ ಸೇರಿಸುತ್ತದೆ, ಆಗ ಆ ರಿಯಾಯಿತಿ ಇಲ್ಲ.

ಇಷ್ಟೂ ತೆರಿಗೆ ಇಲ್ಲವೆಂದುಕೊಂಡವರ ತಪ್ಪು. ತೆರಿಗೆ ಇದ್ದೇ ಇದೆ ಎಂದು ಸುಮ್ಮನಾಗುವವರ ತಪ್ಪಿನಿಂದ ಬಡವರ ಕೈ ಹೆಚ್ಚು ಸುಡುತ್ತದೆಂದು ನನಗನ್ನಿಸುತ್ತದೆ. ಐದು ವರ್ಷ ತುಂಬುವ ಮುನ್ನ ಪಿಎಫ್ ತೆಗೆದರೆ, ಮೊತ್ತ 50,000 ರೂ. ಮುಟ್ಟಿದಲ್ಲಿ ಶೇ 10 ಟಿಡಿಎಸ್ ಕಡಿತ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮುಂದಿನ ಮಾತು: ಮಾಲೀಕ ವ್ಯವಹಾರ ನಿಲ್ಲಿಸಿದ್ದರಿಂದಲೋ, ಕಾಯಿಲೆಯಿಂದಲೋ, ಕಾರ್ಮಿಕನ ಕೈಮೀರಿದ ಇನ್ಯಾವುದೋ ಕಾರಣದಿಂದಲೋ ಕೆಲಸ ಹೋಗಿದ್ದರೆ ಐದು ವರ್ಷದ ಷರತ್ತೇ ಇಲ್ಲ. ಹಳೆಯ ಕಂಪನಿಯ ಪಿಎಫ್ ವರ್ಗಾಯಿಸಿಕೊಂಡಿದ್ದರೆ ಅಲ್ಲಿನ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಅರ್ಜಿಯಲ್ಲಿ ಕೆಲಸ ಬಿಟ್ಟ ಕಾರಣ 'ರಾಜೀನಾಮೆ' ಅಂತ ನಮೂದಾಗಿದೆಯೇ ನೋಡಿಕೊಳ್ಳಿ. ಮುಚ್ಚುವ ನೋಟಿಸಿನ ಪ್ರತಿ ಜೋಪಾನ ಮಾಡಿ. ತಪ್ಪಾಗಿ ಕಡಿತವಾಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಕೇಳಬೇಕು. ಕೇಳದವರ ಖಾತೆಗೆ ಇಲಾಖೆ ತಾನಾಗಿ ಹಾಕುವುದಿಲ್ಲ.